ಬೀಗರು ಹಿಂದಿರುಗಿಸಿದ ಟ್ರ್ಯಾಕ್ಟರ್

ಇಸಿಕ್-ಕುಲ್ ಸರೋವರದ ದಕ್ಷಿಣ ದಂಡೆಯ ಆ ಊರಲ್ಲಿ ಯಾರ ಎಂಜಿನ್ ಕೆಟ್ಟರೂ ಎಸೆಂಗುಲ್ ಬರಬೇಕು. ಅರವತ್ತು ದಾಟಿದ ಮೆಕ್ಯಾನಿಕ್. ಅಂಥವನ ಸ್ವಂತ ಟ್ರ್ಯಾಕ್ಟರೇ, ಜಪಾನಿನ ಹಳೆಯ ಪುಟ್ಟ ಗಾಡಿ, ಅರ್ಧ ಗಂಟೆ ಉತ್ತರೆ ಸಾಕು, ಕಾದು ಹಬೆಯೆಬ್ಬಿಸಿ ನಿಂತುಬಿಡುತ್ತಿತ್ತು. ಆಲೂಗಡ್ಡೆ ನೆಡಲು ಉಳಿದಿದ್ದದ್ದು ಒಂದೇ ವಾರ. ಊರವರ ಮುಂದೆ ಮರ್ಯಾದೆಯೂ ಹೋಗುತ್ತಿತ್ತು.

ಅದಕ್ಕೂ ಮುಂಚೆ ಬೀಗ ತೊಲೊಗೊನ್, ಅಂದರೆ ಮಗಳು ಜಿಪಾರಳ ಮಾವ, ತನ್ನ ಗಾಡಿ ಕೆಟ್ಟಿದೆಯೆಂದು ಎಸೆಂಗುಲ್‌ನ ಈ ಟ್ರ್ಯಾಕ್ಟರನ್ನು ಕೇಳಿ ಒಯ್ದಿದ್ದ. ಮೂರು ದಿನದ ಮೇಲೆ ತೊಳೆದು ಹೊಳೆಯುವಂತೆ ತಂದು ನಿಲ್ಲಿಸಿದ. ಸೀಟಿನ ಮೇಲೆ ಒಣ ಏಪ್ರಿಕಾಟಿನ ಚೀಲವಿತ್ತು. ಎರವಲು ತಂದದ್ದನ್ನು ಬರಿದಾಗಿ ಹಿಂದಿರುಗಿಸುವುದು ಆ ಸೀಮೆಯಲ್ಲಿ ಹೀನಾಯ. ತಂದವರ ಕಣ್ಣೆದುರೇ ಅದನ್ನು ಬಿಚ್ಚಿ ನೋಡುವುದು ಇನ್ನೂ ಹೀನಾಯ, ಅದರಲ್ಲೂ ಬೀಗರ ಎದುರು. ಎಸೆಂಗುಲ್ ಬಾನೆಟ್ ಎತ್ತದೆ ಚಹಾ ಕುಡಿಸಿ ಕಳಿಸಿದ.

ಈಗ ಒಂದೊಂದನ್ನೇ ನೋಡತೊಡಗಿದ. ನೀರು ಮಟ್ಟಕ್ಕಿತ್ತು, ಫ್ಯಾನ್ ಬೆಲ್ಟ್ ಬಿಗಿಯಾಗಿತ್ತು. ಎಂಜಿನ್ ಕಾದಾಗ ನೀರು ಬಿಡುವ ಥರ್ಮೋಸ್ಟಾಟ್ ಬಿಚ್ಚಿ ಅಡುಗೆಮನೆಯ ಪಾತ್ರೆಯಲ್ಲಿ ಕುದಿಸಿದರೆ ಅದೂ ಸರಿಯಾಗಿ ಬಾಯಿ ತೆರೆಯಿತು. ಎಂಜಿನ್ ಆಯಿಲ್‌ಗೆ ನೀರು ಬೆರೆತಿರಲಿಲ್ಲ. ರೇಡಿಯೇಟರನ್ನು ಮಾತ್ರ ಮುಟ್ಟಲಿಲ್ಲ. ಹೋದ ವರ್ಷವಷ್ಟೇ ತಾನೇ ಬಿಚ್ಚಿ ತೊಳೆದು ಕೂರಿಸಿದ್ದು. ಬೀಗರ ಕೈಗೆ ಹೋಗುವ ಮುಂಚೆ ಚೆನ್ನಾಗಿಯೇ ಇತ್ತಲ್ಲ ಎಂದು ಹೆಂಡತಿ ಸೈರಾಕನ್ ಮೆಲ್ಲಗೆ ಹೇಳಿದಳು. ಹೆಣ್ಣು ಕೊಟ್ಟ ಮನೆಯ ಮೇಲೆ ಗೂಬೆ ಕೂರಿಸಬೇಡ ಎಂದು ಅವನು ಗದರಿದ. ತನ್ನ ಕಣ್ಣು, ಕೈಗಳಿಗೇ ವಯಸ್ಸಾಯಿತೆಂದು ಒಳಗೊಳಗೇ ಹೆದರಿದ್ದ.

ಐದನೆಯ ದಿನ, ಇನ್ನೇನೂ ಉಳಿಯದೆ, ಕಾದ ಎಂಜಿನ್ ನಿಲ್ಲಿಸಿ ರೇಡಿಯೇಟರಿಗೆ ಅಂಗೈಯಿಟ್ಟ. ಮೇಲೆ ಸುಡುತ್ತಿತ್ತು, ಕೆಳಗೆ ತಣ್ಣಗಿತ್ತು. ಒಳಗೆ ಕಟ್ಟಿಕೊಂಡಿದೆ. ಬಿಚ್ಚಿ ತಿರುಗಿಸಿದ. ಕೆಳಮೂಲೆಯಲ್ಲಿ ತಾನೇ ಹಾಕಿದ್ದ ಹೆಬ್ಬೆರಳಗಲದ ಬೆಸುಗೆ ಇರಲಿಲ್ಲ. ಹೊಸ ಕಪ್ಪು ಬಣ್ಣವಿತ್ತು, ಕೆರೆದರೆ ಅಡಿಯಲ್ಲಿ ಹಳೆಯ ಕಿಲುಬು. ಅದರ ಗುರುತು ಅವನಿಗೆ ಸಿಕ್ಕಿತು. ತೊಲೊಗೊನ್‌ನದೂ ಇಂಥದ್ದೇ ಟ್ರ್ಯಾಕ್ಟರ್. ಹೋದ ಸುಗ್ಗಿಯಲ್ಲಿ ಅವನ ಅಂಗಳದಲ್ಲಿ ಇದೇ ರೇಡಿಯೇಟರ್ ಮುಟ್ಟಿ, "ಇದರ ಕಥೆ ಮುಗೀತು ಬೀಗರೇ, ಬೇರೆ ಹುಡುಕ್ಕೊಳ್ಳಿ" ಎಂದವನು ತಾನೇ. ಬೀಗರು ಹುಡುಕಿಕೊಂಡಿದ್ದರು, ಅವನ ಟ್ರ್ಯಾಕ್ಟರಿನಲ್ಲೇ.

ಮರುದಿನ ಜಿಪಾರ ತವರಿಗೆ ಬಂದಳು. ಎಸೆಂಗುಲ್ ಏಪ್ರಿಕಾಟ್ ಚೀಲದ ಬಾಯಿಯ ಕೆಂಪು ಉಣ್ಣೆಯ ಹೊಲಿಗೆ ತೋರಿಸಿ, ಇದು ನಿನ್ನ ಕೈಯದೇ ಅಲ್ಲವೇ, ನಿನಗೆ ಗೊತ್ತಿತ್ತೇ ಎಂದು ಕೇಳಿದ.

"ಅಪ್ಪ ಮೆಕ್ಯಾನಿಕ್ಕು, ಹೇಗಾದ್ರೂ ಸರಿ ಮಾಡ್ಕೋತಾರೆ ಅಂದ್ರು ಮಾವ," ಎಂದಳು. "ನಂಗೂ ಹಂಗೇ ಅನ್ನಿಸ್ತು."

ತೊಲೊಗೊನ್ ಮಾಡಿದ್ದನ್ನು ಅವನು ಹೇಗೋ ನುಂಗಿಕೊಳ್ಳುತ್ತಿದ್ದನೇನೋ. ಮಗಳ ಈ ಮಾತನ್ನು ನುಂಗಲಾಗಲಿಲ್ಲ.

ಆ ವರ್ಷ ಪಕ್ಕದ ಮನೆಯ ಕುದುರೆ ಕಟ್ಟಿ ಉತ್ತದ್ದಾಯಿತು. ಬಿತ್ತನೆ ಮುಗಿದ ಮೇಲೆ ಚೀಲ ಹಿಂದಿರುಗಿಸಬೇಕಿತ್ತು, ಅದೂ ಬರಿದಾಗಿ ಹೋಗುವಂತಿಲ್ಲ. ಎಸೆಂಗುಲ್ ಬೀಗರ ಆ ಹಳೆಯ ರೇಡಿಯೇಟರನ್ನು ಅದರೊಳಗಿಟ್ಟು, ಅದೇ ಕೆಂಪು ಉಣ್ಣೆಯಿಂದ ಬಾಯಿ ಹೊಲಿದು, ತಾನೇ ಹೊತ್ತುಕೊಂಡು ಹೋದ. ತೊಲೊಗೊನ್ ರೂಢಿಯಂತೆ ಎದುರಿಗೆ ಬಿಚ್ಚಲಿಲ್ಲ. ಎತ್ತಿ ನೋಡಿ ನಕ್ಕ.

"ಏನ್ ಬೀಗರೇ, ಇಷ್ಟೊಂದು ಯಾಕೆ ತರೋಕೆ ಹೋದ್ರಿ?"

"ನಿಮ್ದೇ. ಏನಿದೆ ಅಂತ ನಿಮ್ಮ ಸೊಸೆಗೆ ಗೊತ್ತು."

ಜಿಪಾರ ಚಹಾದ ಬಟ್ಟಲು ಹಿಡಿದು ಬಾಗಿಲಿಗೆ ಬಂದಿದ್ದಳು. ಅವನು ಕೂರಲಿಲ್ಲ.