ಸುಗಲಾಬಾಯಿಯ ಮುಖದ ಮೇಲಿನ ಕಪ್ಪು

ಕರಜಗಿಯ ಸುಗಲಾಬಾಯಿಯ ಕಥೆ ಹೇಳಲೇಬೇಕು. ಯಾಕೆಂದರೆ ಜನ ಹೇಳುವುದು ಸುಳ್ಳು. ಅವಳ ಮುಖದ ಕಪ್ಪು ಕಲೆ ನೋಡಿ ಕೆಲವರು ಮಹಾರೋಗ ಅನ್ನುತ್ತಾರೆ. ಕೆಲವರು ಕುರುಬರ ದೇವರು ಬೀರೋಬನ ಸಿಟ್ಟು ಅನ್ನುತ್ತಾರೆ. ಎರಡೂ ಅಲ್ಲ. ಅದು ಹೊಟ್ಟೆಗಾಗಿ ಅವಳೇ ಕೈಯಾರೆ ಮಾಡಿಕೊಂಡದ್ದು. ಅದು ಹೇಗಾಯಿತೆಂದು ಗೊತ್ತಾದರೆ ಅವಳನ್ನು ಕಂಡು ಯಾರೂ ದಾರಿ ಬಿಟ್ಟು ಸರಿಯಲಾರರು.

ಸುಗಲಾಬಾಯಿ ಕುರಿ ಕಾಯುವವರ ಮಗಳು. ನಡೆಯಲು ಕಲಿತಾಗಿನಿಂದ ಬಿಸಿಲಲ್ಲೇ ಬೆಳೆದವಳು. ಮದುವೆಯಾಗಿ ಗಂಡ ಗೊಲ್ಲಾಳಪ್ಪನ ಬೆನ್ನು ಹತ್ತಿ ಸೋಲಾಪುರಕ್ಕೆ ಬಂದಳು. ಇಬ್ಬರೂ ಬಟ್ಟೆಯ ಗಿರಣಿ ಸೇರಿದರು. ಅವನು ಹತ್ತಿ ಬಿಡಿಸುವ ಖಾತೆಯಲ್ಲಿ, ಇವಳು ನೂಲು ಸುತ್ತುವ ಖಾತೆಯಲ್ಲಿ. ಮಕ್ಕಳಾಗಲಿಲ್ಲ. ವರ್ಷ ಹೋದಂತೆ ಹತ್ತಿಯ ಧೂಳು ಗೊಲ್ಲಾಳಪ್ಪನ ಎದೆಯಲ್ಲಿ ಕೂತಿತು. ಅವನು ಹಾಸಿಗೆ ಹಿಡಿದ. ಇರಲು ಗಿರಣಿಯವರದೇ ಸಾಲುಮನೆಗಳ ಚಾಳಿನಲ್ಲಿ ಒಂದು ಕೋಣೆ ಇತ್ತು. ಅದು ಅವಳ ಕೆಲಸದ ಮೇಲೆ ನಿಂತ ಕೋಣೆ. ಕೆಲಸ ಹೋದರೆ ಕೋಣೆ ಹೋಯಿತು. ಕೋಣೆ ಹೋದರೆ ಆ ಎದೆ ಹೊತ್ತುಕೊಂಡು ಅವನು ಎಲ್ಲಿ ಮಲಗಬೇಕು?

ಉಪ್ಪಿನ ಸತ್ಯಾಗ್ರಹದ ವರ್ಷ ಸೋಲಾಪುರದಲ್ಲಿ ಮಾರ್ಷಲ್ ಲಾ ಆಯಿತಲ್ಲ, ಅದರ ಮರುವರ್ಷದ ಮಾತು ಇದು. ದೀಪಾವಳಿಯ ಸುಟ್ಟಿ, ಅಂದರೆ ರಜೆ, ಹತ್ತಿರ ಬಂದಿತ್ತು. ಹೆಣ್ಣಾಳುಗಳ ಮೇಲೆ ನೀಲಾಬಾಯಿ ಅಂತ ಒಬ್ಬ ನಾಯಕೀಣ ಇದ್ದಳು. ಯಾರಿಗೆ ಕೆಲಸ, ಯಾರಿಗೆ ಇಲ್ಲ ಅನ್ನುವುದು ಅವಳ ನಾಲಿಗೆಯ ತುದಿಯಲ್ಲಿ. ಒಂದು ಮಧ್ಯಾಹ್ನ ರೊಟ್ಟಿ ಬಿಚ್ಚುವಾಗ ಅವಳು ಬಂದು ನಿಂತಳು.

"ಕೇಳ್ರೆವ್ವಾ. ಮುಂಬೈದಿಂದ ಹೊಸಾ ಸಾಯೇಬ ಬರಾಕತ್ತಾನ. ಸುಟ್ಟಿ ಮುಗದ ದಿವ್ಸ ಗೇಟಿನಾಗ ಎಲ್ಲಾರ್ನೂ ಸಾಲಾಗಿ ನಿಂದ್ರಿಸಿ ನೋಡ್ತಾನಂತ. ಮುದುಕೇರಿಗೆ ಮನಿ ದಾರಿ."

ಸುಗಲಾಬಾಯಿಯ ಪಕ್ಕದ ಯಂತ್ರದ ಕಸ್ತೂರಬಾಯಿ ಬಾಯಲ್ಲಿ ತುತ್ತು ಇಟ್ಟುಕೊಂಡೇ ಕೇಳಿದಳು. "ಮುದುಕೇರು ಅಂತ ಹೆಂಗ ಹಿಡೀತಾನ್ರೀ? ನಾ ಹುಟ್ಟಿದ್ದು ಯಾವಾಗ ಅಂತ ನಮ್ಮವ್ವಗೇ ಗೊತ್ತಿಲ್ಲ."

"ಮಾರಿ ನೋಡಿ ಹಿಡೀತಾನ. ಮತ್ತ ಹಲ್ಲು ಹಿಡದು ನೋಡಾಕ ನೀ ಏನ ಎಮ್ಮಿ ಏನ?"

ಎಲ್ಲರೂ ನಕ್ಕರು. ಸುಗಲಾಬಾಯಿಯೂ ನಕ್ಕಳು. ನೀಲಾಬಾಯಿ ಅವಳ ಕಡೆ ತಿರುಗಿದಳು.

"ನೀ ನಗಬ್ಯಾಡ ಸುಗಲಾ. ನಿನ್ನ ಮಾರಿ ಬ್ಯಾಸಗ್ಯಾಗಿನ ಕೆರಿ ಆಗೇದ. ಎಲ್ಲಾ ಬಿರುಕು. ನಾ ಏನೂ ಮಾಡಾಕ ಬರೂದಿಲ್ಲವ್ವ."

ಕಸ್ತೂರಬಾಯಿ ಸುಗಲಾಬಾಯಿಗಿಂತ ಹಿರಿಯಳು. ತಲೆ ಪೂರಾ ಬೆಳ್ಳಗೆ. ಆದರೆ ನೇಕಾರರ ಮನೆಯ ನೆರಳಲ್ಲಿ ಬೆಳೆದ ಮುಖ, ಇನ್ನೂ ನುಣುಪು. ಕೂದಲಿಗೆ ಸೆರಗು ಮುಚ್ಚಬಹುದು. ಮುಖಕ್ಕೆ ಏನು ಮುಚ್ಚುವುದು?

ಆ ಸಂಜೆ ಸುಗಲಾಬಾಯಿ ಗಂಡನ ಹಳೆಯ ಕ್ಷೌರದ ಕನ್ನಡಿ ಹಿಡಿದು ಬಾಗಿಲಲ್ಲಿ ಕೂತಳು. ಎರಡು ಬೆರಳಿಂದ ಕೆನ್ನೆಯನ್ನು ಕಿವಿಯ ಕಡೆ ಎಳೆದಳು. ಗೆರೆ ಹೋದವು. ಬಿಟ್ಟಳು. ಮತ್ತೆ ಬಂದವು.

"ಏನ ನಡಸೀದಿ?" ಗೊಲ್ಲಾಳಪ್ಪ ಹಾಸಿಗೆಯಿಂದ ಕೇಳಿದ. "ಇನ್ನೊಂದ ಮದವಿ ಗೊತ್ತಾಗೇದೇನ ನಿನಗ?"

"ಹೂಂ. ನಿನಗ ಊಟಕ್ಕ ಹೇಳಾಂಗಿಲ್ಲ, ಮಲ್ಕೋ."

ಅವನು ನಗಲು ಹೋಗಿ ಕೆಮ್ಮಿದ. ಸಾಹೇಬನ ಸುದ್ದಿಯನ್ನು ಅವಳು ಅವನಿಗೆ ಹೇಳಲಿಲ್ಲ.

ಪೇಟೆಯಲ್ಲಿ ಒಬ್ಬ ಡಾಕ್ಟರ ಇದ್ದಾನೆ, ಮುಖದ ಚರ್ಮ ಸುಲಿದು ಹೊಸದು ಬರಿಸುತ್ತಾನೆ ಎಂದು ಕಸ್ತೂರಬಾಯಿಯೇ ಹೇಳಿದಳು. ಸಾಹುಕಾರರ ಮನೆಯ ಹೆಂಗಸರು ಟಾಂಗಾದಲ್ಲಿ ಪರದೆ ಕಟ್ಟಿಕೊಂಡು ಹೋಗುತ್ತಾರಂತೆ. ಇಬ್ಬರೂ ಪಾಳಿ ಬಿಟ್ಟ ಮೇಲೆ ಹೋದರು. ಮಾಳಿಗೆಯ ಮೇಲಿನ ಕೋಣೆ. ಮೂಗಿಗೆ ಏರುವ ವಾಸನೆ. ಡಾಕ್ಟರ ಅವಳ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದ. ಮರಾಠಿ ಬೆರೆಸಿದ ಕನ್ನಡದಲ್ಲಿ ಹೇಳಿದ.

"ತೇಜಾಬ, ಆಸಿಡ್ ಹಚ್ಚತೀನಿ ಬಾಯಿ. ಮ್ಯಾಲಿನ ಚಮಡಾ ಹಾವಿನ ಪೊರಿಹಂಗ ಬಿಡತದ. ಒಳಗ ಹೊಸಾದು ಇರತದ."

ಸುಗಲಾಬಾಯಿ ಅವಸರದಿಂದ ಕೇಳಿದಳು. "ಎಷ್ಟ ದಿವ್ಸ ಹಿಡೀತದ್ರಿ?"

"ತಿಂಗಳ ಗಟ್ಟಲೆ. ಕತ್ತಲ ಕೋಣಿ. ಬಿಸಲು ಬ್ಯಾಡ, ಧೂಳು ಬ್ಯಾಡ. ಅಷ್ಟ ಮಾಡಿದ್ರೂ ನಿಮ್ಮಂಥ ಚಮಡ್ಯಾಗ ಕರೀ ಡಾಗ ಉಳದರೂ ಉಳೀತದ."

"ಸುಟ್ಟಿ ಮುಗಿಯೂದ್ರಾಗ ಆಗಾಂಗಿಲ್ಲೇನ್ರಿ? ನಾ ಗಿರಣಿಗೆ ಹೋಗೂಕಿ."

ಡಾಕ್ಟರ ಅವಳ ಗದ್ದ ಬಿಟ್ಟ. "ಹಂಗಾರ ಮನಿಗೆ ಹೋಗ್ರಿ. ಇದು ಬಂಗಲೇದಾಗ ಕೂತು ಉಣ್ಣೋರಿಗೆ."

ತಿಂಗಳು ಗಿರಣಿ ಬಿಟ್ಟರೆ ಅವಳ ಯಂತ್ರದ ಮುಂದೆ ಬದಲಿ ಹೆಂಗಸು ಗಟ್ಟಿಯಾಗಿ ನಿಲ್ಲುತ್ತಾಳೆ. ಮೆಟ್ಟಿಲು ಇಳಿಯುವಾಗ ಕಸ್ತೂರಬಾಯಿ "ಬಿಡವ್ವ, ಇದ್ದ ಮಾರಿ ತಗೊಂಡ ಹೋಗೂನು" ಎಂದಳು. ಸುಗಲಾಬಾಯಿಗೆ ಅದು ಕೇಳಿಸಲಿಲ್ಲ. ಪೊರೆ ಬಿಡುತ್ತದೆ, ಒಳಗೆ ಹೊಸದು ಇರುತ್ತದೆ. ಅಷ್ಟೇ ಕಿವಿಯಲ್ಲಿ ಉಳಿದಿತ್ತು.

ಸುಟ್ಟಿ ಬಿದ್ದ ದಿನ ಗಂಡನನ್ನು ಕಸ್ತೂರಬಾಯಿಯ ಕೈಗೆ ಒಪ್ಪಿಸಿದಳು. ಬೀರೋಬನಿಗೆ ಕಾಯಿ ಒಡೆಸಿ ಬರುತ್ತೇನೆ ಎಂದು ರೈಲು ಹತ್ತಿದಳು. ಅಕ್ಕಲಕೋಟ ರೋಡ್ ಸ್ಟೇಶನ್ನಿನಲ್ಲಿ ಇಳಿದು, ಯಾರದೋ ಗಾಡಿ ಹಿಡಿದು, ಕರಜಗಿಗೆ ತವರಿಗೆ ಬಂದಳು. ಕಾಯಿಯನ್ನೂ ಒಡೆಸಿದಳು. ನನಗೊಂದು ಹೊಸಾ ಮಾರಿ ಕೊಡಪ್ಪಾ ಎಂದು ದೇವರ ಮುಂದೆ ಭಂಡಾರದ ಅರಿಸಿನದಲ್ಲಿ ಹಣೆ ಊರಿ ಅತ್ತಳು.

ಅಣ್ಣ ಅಮೋಗಸಿದ್ಧನ ಹಟ್ಟಿಯಲ್ಲಿ ಕುರಿಗಳು ಮರಿ ಹಾಕುವ ಕಾಲ. ಒಂದು ಕುರಿಯ ಮರಿ ಸತ್ತಿತ್ತು. ಇನ್ನೊಂದು ಮರಿಯ ತಾಯಿ ಸತ್ತಿತ್ತು. ಅಮೋಗಸಿದ್ಧ ಸತ್ತ ಮರಿಯ ತೊಗಲು ಸುಲಿದು ತಬ್ಬಲಿಯ ಮೈಗೆ ಕಟ್ಟಿದ. ಕುರಿ ಮೂಸಿತು. ಕಾಲು ಝಾಡಿಸಿತು. ಮತ್ತೆ ಮೂಸಿತು. ಆಮೇಲೆ ಸುಮ್ಮನೆ ನಿಂತು ಹಾಲು ಕೊಟ್ಟಿತು.

"ಒಪ್ಪಿಕೊಂತು," ಅಂದ ಅಮೋಗಸಿದ್ಧ. "ತೊಗಲು ಒಂದ ಸರಿ ಇದ್ರ ಸಾಕು. ಒಳಗ ಯಾರ ಇದ್ರೇನು."

ಅವಳು ಚಿಕ್ಕವಳಿದ್ದಾಗಿನಿಂದ ಇದನ್ನು ನೋಡಿದ್ದಳು. ತಾನೇ ಕಟ್ಟಿದ್ದಳು. ಅಂದು ಮಾತ್ರ ನೋಡುತ್ತ ನಿಂತವಳು ಅಲುಗಲಿಲ್ಲ.

ಹಟ್ಟಿಯ ಮೂಲೆಯಲ್ಲಿ ಕಜ್ಜಿ ಬಿದ್ದ ಒಂದು ಕುರಿ ಕಟ್ಟಿತ್ತು. ಅದಕ್ಕೆ ಅಣ್ಣ ಬಿಬ್ಬಿ ಹಚ್ಚಿದ್ದ. ಬಿಬ್ಬಿ ಅಂದರೆ ಕೇರು ಬೀಜ. ಸೂಜಿಗೆ ಚುಚ್ಚಿ ದೀಪಕ್ಕೆ ಹಿಡಿದರೆ ಕಪ್ಪು ಎಣ್ಣೆ ಒಸರುತ್ತದೆ. ಹುಣ್ಣಿಗೆ, ಒಡೆದ ಗೊರಸಿಗೆ ಕುರುಬರ ಔಷಧಿ ಅದೇ. ಕುರಿಯ ಬೆನ್ನ ಮೇಲೆ ಹಳೆಯ ಹಕ್ಕಳೆ ಎದ್ದು ಬಿದ್ದಿತ್ತು. ಕೆಳಗೆ ಎಳೆಗೂಸಿನ ಮೈಯಂಥ ಕೆಂಪು ಚರ್ಮ.

ಬಿಬ್ಬಿ ಎಲ್ಲರಿಗೂ ಆಗಿಬರುವುದಿಲ್ಲ. ಕೆಲವರಿಗೆ ಅದರ ಹೊಗೆ ಬಡಿದರೂ ಮೈ ಊದುತ್ತದೆ. ಸುಗಲಾಬಾಯಿಯ ಕೈಗೆ ಅದು ಎಂದೂ ಏನೂ ಮಾಡಿರಲಿಲ್ಲ. ಕುರಿ ಕಾಯ್ದು ಕಾಯ್ದು ಗಟ್ಟಿಯಾದ ಕೈ. ಕೈಗೆ ಏನೂ ಮಾಡದ್ದು ಮುಖಕ್ಕೂ ಏನೂ ಮಾಡುವುದಿಲ್ಲ ಅಂದುಕೊಂಡಳು. ಅಲ್ಲೇ ತಪ್ಪಿದಳು.

ದೀಪಾವಳಿ ಪಾಡ್ಯದ ಮಧ್ಯಾಹ್ನ ಎಲ್ಲರೂ ಹಟ್ಟಿ ಪೂಜೆಗೆ ಹೋಗಿದ್ದರು. ಅವಳು ಮನೆಯಲ್ಲಿ ಒಬ್ಬಳೇ ದೀಪ ಹಚ್ಚಿ ಎಣ್ಣೆ ಇಳಿಸಿದಳು. ಎಳ್ಳೆಣ್ಣೆ ಬೆರೆಸಿದಳು. ಬೆರಳಿಗೆ ತಗೊಂಡು ಕಣ್ಣಿನ ಮಗ್ಗುಲಿಗೆ, ಕೆನ್ನೆಗೆ, ಹಣೆಗೆ, ಬಾಯಿಯ ಸುತ್ತ, ಗೆರೆ ಇದ್ದಲ್ಲೆಲ್ಲ ತೀಡಿದಳು. ಉರಿಯಿತು. ಉರಿದರೆ ಒಳ್ಳೆಯದು, ಕೆಲಸ ಮಾಡುತ್ತಿದೆ ಎಂದು ಹಲ್ಲು ಕಚ್ಚಿ ಕೂತಳು.

ಎಲ್ಲರೂ ಮರಳಿದಾಗ ಮುಖ ಊದಲು ಶುರುವಾಗಿತ್ತು. ಅತ್ತಿಗೆ ಬೀರವ್ವ ಬಾಗಿಲಲ್ಲೇ ಕೂಗಿದಳು.

"ಅಯ್ಯ ನಿನ್ನ ಬಾಯಾಗ ಮಣ್ಣ ಹಾಕ! ಏನ ಹಚ್ಚಿಕೊಂಡಿ? ಕುರಿ ಏನ ನೀ?"

"ಪೊರಿ ಬಿಡತದ, ವೈನಿ. ತಡಿ. ಪೊರಿ ಬಿಡತದ."

ಬೀರವ್ವ ಬೈಯುತ್ತಲೇ ಕೊಬ್ಬರಿ ಅರೆದು ಹಚ್ಚಿದಳು. ಅಮೋಗಸಿದ್ಧ ತಂಗಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಬಿಬ್ಬಿ ಮುಟ್ಟಿದ ಕೈಲೆ ಮಾರಿ ಮುಟ್ಟಬ್ಯಾಡ ಅಂತ ಅಪ್ಪ ಹೇಳಿರಲಿಲ್ಲೇನ ನಿನಗ?"

"ಹೇಳಿದ್ದ."

"ಮತ್ತ?"

ಆಗ ಅವಳ ತುಟಿಯೂ ಊದಿತ್ತು.

ಗುಳ್ಳೆ ಎದ್ದವು, ಒಡೆದವು, ನೀರು ಇಳಿಯಿತು. ಒಂದು ಕಣ್ಣು ಪೂರಾ ಮುಚ್ಚಿತು. ಅಣ್ಣ ಇರು ಅಂದರೂ ಅವಳು ಇರಲಿಲ್ಲ. ಸುಟ್ಟಿ ಮುಗಿದ ದಿನ ಸೆರಗು ಮುಖಕ್ಕೆ ಕಟ್ಟಿಕೊಂಡು ಸೋಲಾಪುರಕ್ಕೆ ಬಂದಳು. ನೆಟ್ಟಗೆ ಗಿರಣಿಯ ಗೇಟಿಗೆ ಹೋದಳು. ಪಾಳಿಯ ಭೋಂಗಾ ಕೂಗಿತು. ಹೆಂಗಸರು ಸಾಲಾಗಿ ನಿಂತಿದ್ದರು. ಅವಳೂ ನಿಂತಳು.

ಸಾಹೇಬ ಒಳಗೆ ಕುರ್ಚಿಯ ಮೇಲೆ ಕೂತಿದ್ದ. ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹರಿದ ನೂಲು ಕೊಟ್ಟು ಗಂಟು ಹಾಕಿಸುತ್ತಿದ್ದ. ಗಂಟು ಚೊಕ್ಕಾಗಿ, ಬೇಗ ಬಿದ್ದರೆ ಒಳಗೆ. ತಡವರಿಸಿದರೆ ಹೊರಗೆ. ಮುಖ ನೋಡುತ್ತಾನೆ ಎಂದದ್ದು ನೀಲಾಬಾಯಿಯ ಸ್ವಂತ ಮಾತು. ಬಿಳಿ ತಲೆಯ ಕಸ್ತೂರಬಾಯಿ ಗಂಟು ಹಾಕಿ ಆಗಲೇ ಒಳಗೆ ಹೋಗಿದ್ದಳು.

ಸುಗಲಾಬಾಯಿಗೆ ಗಂಟು ಹಾಕಲು ಕಣ್ಣು ಬೇಕಿಲ್ಲ. ಉಣ್ಣೆ ಎಳೆದ ಕೈ ಅದು. ಆದರೆ ಅವಳ ಪಾಳಿ ಬರುವ ಮೊದಲೇ ನೀಲಾಬಾಯಿ ಬಂದು ಸೆರಗು ಎಳೆದಳು. ನೋಡಿದವಳೇ ಹಿಂದೆ ಹಾರಿದಳು.

"ಯಾರದು? ಯವ್ವಾ, ಮಹಾರೋಗ! ಹೊರಗ ಹಾಕ್ರಿ ಈಕಿನ್ನ!"

"ನಾ ಸುಗಲಾ ಇದ್ದೀನಿ ನಾಯಕೀಣ ಬಾಯಿ. ಗಂಟು ಹಾಕತೀನಿ. ಒಂದ ಗಂಟು ಹಾಕಾಕ ಕೊಡ್ರಿ."

ಸಾಲು ಒಡೆಯಿತು. ವರ್ಷಾನುಗಟ್ಟಲೆ ಜೊತೆಗೆ ರೊಟ್ಟಿ ತಿಂದ ಹೆಂಗಸರು ದೂರ ಸರಿದು ನಿಂತರು. ಒಳಗಿನಿಂದ ಕಸ್ತೂರಬಾಯಿ "ಅದು ರೋಗ ಅಲ್ಲ್ರೀ, ನಮ್ಮ ಸುಗಲಾ" ಎಂದು ಒದರಿದಳು. ಯಂತ್ರಗಳು ಶುರುವಾಗಿದ್ದವು, ಆ ಸದ್ದಿನಲ್ಲಿ ಯಾರಿಗೂ ಅದು ಕೇಳಲಿಲ್ಲ. ಗೇಟು ಕಾಯುವ ದರವಾನ ಕೋಲಿನ ತುದಿಯಿಂದ ಸುಗಲಾಬಾಯಿಯನ್ನು ರಸ್ತೆಗೆ ನೂಕಿದ. ಕೈ ಹಚ್ಚಲಿಲ್ಲ.

ಕೋಣೆಗೆ ಬಂದು ಗಂಡನ ಮುಂದೆ ಕೂತಳು. ಗೊಲ್ಲಾಳಪ್ಪ ಅವಳ ಮುಖ ನೋಡಿ ಕೇಳಿದ.

"ದನಿ ಅದ ಇಲ್ಲೋ?"

"ಅದ."

"ಸಾಕು. ಮಾತಾಡ್ಕೊಂತ ಇರು."

ಕೋಣೆ ಹೋಯಿತು. ಅಮೋಗಸಿದ್ಧ ಬಂದು ಇಬ್ಬರನ್ನೂ ಗಾಡಿಯಲ್ಲಿ ಕರಜಗಿಗೆ ಕರೆದೊಯ್ದ. ಆ ಚಳಿಗಾಲ ಗೊಲ್ಲಾಳಪ್ಪ ದಾಟಲಿಲ್ಲ. ಅವನ ಮಣ್ಣಿಗೆ ಬಂದ ಕೆಲವರು ಅವಳ ಕೈಯ ನೀರು ಬೇಡ ಎಂದರು. ಆಗ ಶುರುವಾದದ್ದು ಇನ್ನೂ ನಿಂತಿಲ್ಲ. ಬಾವಿಯಲ್ಲಿ ಅವಳು ಎಲ್ಲರೂ ಸೇದಿ ಹೋದ ಮೇಲೆ ಸೇದುತ್ತಾಳೆ. ಹುಣ್ಣು ಮಾಯ್ದು ಎಷ್ಟೋ ಕಾಲವಾಯಿತು. ಕಪ್ಪು ಮಾತ್ರ ಹೋಗಲಿಲ್ಲ. ಗೆರೆಗಳೂ ಹೋಗಲಿಲ್ಲ.

ಈಗ ಅಣ್ಣನ ಹಟ್ಟಿಯ ಹಿಂದಿನ ಗುಡಿಸಲಲ್ಲಿ ಉಣ್ಣೆ ಎಳೆಯುತ್ತಾಳೆ. ತಬ್ಬಲಿ ಮರಿಗೆ ತೊಗಲು ಕಟ್ಟುವುದಿದ್ದರೆ ಮಾತ್ರ ಜನ ಅವಳನ್ನು ಕರೆಯುತ್ತಾರೆ.

ನೀವು ಅಕ್ಕಲಕೋಟಕ್ಕೆ ಸ್ವಾಮಿಯ ದರ್ಶನಕ್ಕೆ ಬರುವವರಿದ್ದರೆ ಇಷ್ಟು ಮಾಡಿ. ಇನ್ನಷ್ಟು ದೂರ ಕರಜಗಿಗೆ ಹೋಗಿ. ಅಮೋಗಸಿದ್ಧನ ಹಟ್ಟಿ ಎಲ್ಲಿ ಎಂದರೆ ಯಾರಾದರೂ ತೋರಿಸುತ್ತಾರೆ. ಸುಗಲಾಬಾಯಿಯ ಹತ್ತಿರ ಕೂತುಕೊಳ್ಳಿ. ಬಾಯಾರಿದೆ ಎಂದು ಹೇಳಿ. ಅವಳು ಮೊದಲು ಕೊಡಲು ಅಂಜುತ್ತಾಳೆ, ಬೀರವ್ವನನ್ನು ಕೂಗುತ್ತಾಳೆ. ನಿನ್ನ ಕೈಯಿಂದಲೇ ಕೊಡವ್ವ ಎಂದು ಕೇಳಿ. ನಾಲ್ಕು ಜನ ನೋಡುವಂತೆ ಆ ನೀರು ಕುಡಿದು ಬನ್ನಿ.