ಹಗೇವಿನ ಗೋಡೆಗೆ ಹತ್ತಿದ ಜೋಳ

ನಮ್ಮ ಹಗೇವಿನಲ್ಲಿ ನೀರು ಹೊಕ್ಕಿರಲಿಲ್ಲ, ಹುಸೇನಣ್ಣ. ನೆಲದೊಳಗಿನ ಆ ಕಣಜದಲ್ಲಿ ಜೋಳವೆಲ್ಲ ನೆಟ್ಟಗೇ ಇತ್ತು. ನಾನು ನಿನಗೆ ಸುಳ್ಳು ಹೇಳಿದೆ.

ಮೋರಟಗಿಯಲ್ಲಿ ನಮ್ಮಿಬ್ಬರ ಮನೆಗೂ ಒಂದೇ ಗೋಡೆ. ಒಬ್ಬರ ಕಾಳು ಮುಗಿದರೆ ಇನ್ನೊಬ್ಬರು ಹಗೇವು ತೆಗೆದು ಕೊಡುವುದು, ಸುಗ್ಗಿಯಲ್ಲಿ ಅಷ್ಟನ್ನೇ ಅಳೆದು ತಿರುಗಿ ಹಾಕುವುದು — ಅಪ್ಪಂದಿರ ಕಾಲದ ರೂಢಿ. ಆ ವರ್ಷ ನಿನ್ನ ಕಾಳು ಮಗಳ ಮದುವೆಗೆ ಖರ್ಚಾಗಿತ್ತು. ಹಿಂಗಾರಿ ಬಿತ್ತಿಗೆಯ ಮುಂಚೆ ಜೋಳದ ದರ ಏರುತ್ತಲೇ ಹೋಯಿತು. ಜೋಳ ಏರಿದರೆ ಎತ್ತು ಇಳಿಯುತ್ತದೆ. ಕಾಳು ಕೊಳ್ಳಲೆಂದು ಎಲ್ಲರೂ ದನ ಹೊಡೆದುಕೊಂಡು ಪೇಟೆಗೆ ಬರುತ್ತಾರೆ, ಕೊಳ್ಳುವವರೇ ಇರುವುದಿಲ್ಲ. ಅದು ನಿನಗೂ ಗೊತ್ತಿತ್ತು. ಅದಕ್ಕೇ ಮೊದಲು ನನ್ನ ಬಾಗಿಲಿಗೆ ಬಂದೆ.

ನನಗೆ ನಿನ್ನ ಜೋಡಿಯ ಮೇಲೆ ಕಣ್ಣಿತ್ತು. ನೀನು ಅವುಗಳ ಕೊಂಬಿಗೆ ಎಣ್ಣೆ ಹಚ್ಚುವುದನ್ನು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಬೇರೆ ವರ್ಷವಾದರೆ ಅವು ನನ್ನ ಕೈಗೆ ಎಟುಕುವ ಎತ್ತುಗಳಲ್ಲ —

ಹಗೇವಿನ ಗೋಡೆಗೆ ಹತ್ತಿದ ಜೋಳ ಪ್ರತಿ ವರ್ಷವೂ ಕಪ್ಪಾಗಿ ನಾರುತ್ತದೆ. ಅದನ್ನೇ ಒಂದು ಬೊಗಸೆ ತಂದು ನಿನ್ನ ಮುಂದೆ ಹಿಡಿದೆ.

"ಪೂರಾ ಹಗೇವ ಹಿಂಗ ಆಗೇತಿ, ಅಣ್ಣಾ. ನಾವ ಏನ ತಿನ್ನೂದಂತ ಕುಂತೇವಿ."

ನೀನು ಇಳಿದು ನೋಡಲಿಲ್ಲ. ನನ್ನ ಮಾತನ್ನು ಪರೀಕ್ಷಿಸಬೇಕೆಂಬುದು ನಿನಗೆ ಹೊಳೆಯಲೇ ಇಲ್ಲ.

ಸಿಂದಗಿಯ ದನದ ಪೇಟೆಯಲ್ಲಿ ಟವೆಲಿನ ಕೆಳಗೆ ನಿನ್ನ ಬೆರಳು ಹಿಡಿದು ದರ ಮುಗಿಸಿದವನು ಇಂಡಿಯಿಂದ ಬಂದ ನನ್ನ ಹೆಂಡತಿಯ ತಮ್ಮ. ಹಣ ನನ್ನದು. ಸುಗ್ಗಿಯಾಗಿ ಜೋಳ ಇಳಿಯಿತು, ಎತ್ತು ಏರಿತು. ನಿನಗೆ ಮತ್ತೆ ಜೋಡಿ ಕಟ್ಟಲಾಗಲಿಲ್ಲ. ನಿನ್ನ ಹೊಲ ಕಂಡವರ ಪಾಲಿಗೆ ಹೋಯಿತು, ನೀನು ಕೂಲಿಗೆ ಹೋದೆ. ಎತ್ತುಗಳನ್ನು ಹೆಂಡತಿಯ ತಮ್ಮನೇ ನನಗೆ ಕೊಟ್ಟನೆಂದು ಊರಿಗೆಲ್ಲ ಒಂದು ಕತೆ ಹೇಳಿ ನನ್ನ ಕೊಟ್ಟಿಗೆಗೆ ತಂದು ಕಟ್ಟಿಕೊಂಡೆ. ನೀನು ಬಂದು ಅವುಗಳ ಕೊರಳು ಸವರಿ ಹೋದೆ.

ನೀನು ತೀರಿಕೊಂಡು ನಿನ್ನ ಮಣ್ಣಿಗೆ ಬಂದಾಗಲೂ ನಾನು ಬಾಯಿ ಬಿಡಲಿಲ್ಲ. ನಾಳೆ ನಿನ್ನ ಮಗನಿಗೆ ಇಷ್ಟನ್ನೂ ಹೇಳುತ್ತೇನೆ. ಅವನು ಉಗುಳಿದರೆ ಉಗುಳಲಿ. ಆದರೆ ಆ ಚೀಲದ ಮಾತು ನನ್ನ ಬಾಯಿಂದ ಬರುತ್ತದೋ ಇಲ್ಲವೋ —

ಎತ್ತು ಮಾರಿದ ದಿನ ಸಂಜೆ ನೀನು ಬೇರೆಯವರ ಗಾಡಿಯಲ್ಲಿ ಬಂದೆ. ಕೊಂಡು ತಂದ ಜೋಳದಲ್ಲಿ ಒಂದು ಚೀಲವನ್ನು ನನ್ನ ಕಟ್ಟೆಯ ಮೇಲೆ ಇಳಿಸಿದೆ.

"ನಿನ್ನ ಮನ್ಯಾಗೂ ಮಕ್ಕಳದಾವ. ನಾವ ಉಂಡು ನೀವ ಉಪಾಸ ಇರೂದು ಹೆಂಗ?"

ಬೇಡವೆಂದರೆ ಸುಳ್ಳು ಬಯಲಾಗುತ್ತಿತ್ತು. ತೆಗೆದುಕೊಂಡೆ. ಕಾಲ ಕೆಳಗೆ ಹಗೇವು ತುಂಬಿರುವಾಗ, ನಾನೂ ನನ್ನ ಮಕ್ಕಳೂ ನಿನ್ನ ಜೋಳದ ರೊಟ್ಟಿ ತಿಂದೆವು.