ಯಜಮಾನರ ಬಾಬ್ತು ಒಂದು ನಾಣ್ಯ

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಬಸ್ ನಿಲ್ದಾಣದ ಪಕ್ಕದ ಸಾರ್ವಜನಿಕ ಶೌಚಾಲಯದ ಬಾಗಿಲಲ್ಲಿ ಕೂತು ಈ ಊರನ್ನು ಆಳಿದವಳು. ನಗಬೇಡಿ. ಹೊಟ್ಟೆ ಕೆಟ್ಟ ಮನುಷ್ಯನ ಎದುರಿಗೆ ನಗರಸಭೆಯ ಅಧ್ಯಕ್ಷರು ಮತ್ತು ನಮ್ಮ ಅತ್ತೆ ಇಬ್ಬರೂ ನಿಂತಿದ್ದರೆ ಅವನು ಯಾರಿಗೆ ಕೈ ಮುಗಿಯುತ್ತಾನೆ, ನೀವೇ ಹೇಳಿ.

ಅವಳ ಗಂಡ ನಗರಸಭೆಯಲ್ಲಿ ನಲ್ಲಿ ರಿಪೇರಿ ಮಾಡುತ್ತಿದ್ದ. ಅವನು ಸತ್ತಾಗ ಅನುಕಂಪದ ಮೇಲೆ ಇವಳಿಗೆ ಈ ಕೆಲಸ ಕೊಟ್ಟರು. ನಮ್ಮಜ್ಜಿ ಮಾನ ಹೋಯಿತೆಂದು ಎದೆ ಬಡಿದುಕೊಂಡಳು. ಅಪ್ಪನಿಗೆ ಹೆಣ್ಣು ನೋಡುವಾಗ ಒಂದು ಮನೆಯವರು ಇದೇ ಕಾರಣ ಹೇಳಿ ಬೇಡವೆಂದರಂತೆ. ಅತ್ತೆ ಕೇಳಿದ್ದು ಒಂದೇ ಮಾತು: "ಆ ಮನೆಯವರು ಯಾರೂ ಹೋಗೋದೇ ಇಲ್ವಂತಾ?"

ಅವಳ ಸಾಮ್ರಾಜ್ಯ ಎಂದರೆ ಒಂದು ಮೇಜು, ದಿಂಬು ಹಾಕಿದ ಒಂದು ಕುರ್ಚಿ, ಮುಗಿಯದ ಒಂದು ಸ್ವೆಟರು, ಮುಚ್ಚಳಕ್ಕೆ ಸೀಳು ಕೊರೆದ ಹಳೆಯ ಬಿಸ್ಕತ್ತಿನ ಡಬ್ಬಿ. ಮೊದಲು ನಾಣ್ಯ, ಆಮೇಲೆ ಬಾಗಿಲು. ಹೆಣಿಗೆಯಿಂದ ತಲೆ ಎತ್ತುತ್ತಿರಲಿಲ್ಲ. ಡಬ್ಬಿಯ ಸದ್ದು ಕೇಳಿದರೆ ಅವಳ ಕಾಲು ಮೇಜಿನ ಕೆಳಗಿನ ಕೊಕ್ಕೆಯನ್ನು ಒತ್ತುತ್ತಿತ್ತು, ಬಾಗಿಲು ತೆರೆಯುತ್ತಿತ್ತು. ಒಮ್ಮೆ ಒಬ್ಬ ಗುಂಡಿ ಕಿತ್ತು ಡಬ್ಬಿಗೆ ಹಾಕಿದ. ಸದ್ದಿನಲ್ಲೇ ಗೊತ್ತಾಗಿ ಅತ್ತೆ, "ವಾಪಸ್ ತಗೊಳಪ್ಪ, ಪ್ಯಾಂಟಿಗೆ ಬೇಕಾಗುತ್ತೆ" ಎಂದಳು.

ಯಾರಿಗೂ ವಿನಾಯಿತಿ ಇರಲಿಲ್ಲ. ಪೊಲೀಸ್ ಬಂದರೂ ನಾಣ್ಯ, ಒಡಹುಟ್ಟಿದ ತಮ್ಮ ಬಂದರೂ ನಾಣ್ಯ. ನಿಜವಾಗಿ ಕೈಯಲ್ಲಿ ಕಾಸಿಲ್ಲದವರು ಬಂದರೆ ತನ್ನ ಸೊಂಟದ ಚೀಲದಿಂದ ತೆಗೆದು ತಾನೇ ಹಾಕುತ್ತಿದ್ದಳು. ಹಾಗೇ ಬಿಟ್ಟರೆ ಏನಾಗುತ್ತದೆ ಎಂದು ನಾನು ಕೇಳಿದ್ದೆ. "ಒಬ್ಬರನ್ನ ಪುಕ್ಕಟೆ ಬಿಟ್ಟರೆ ಮಾರನೇ ದಿನ ಊರಿಗೆ ಊರೇ ಬಡವರಾಗಿ ಬರ್ತಾರೆ ಕಣೆ" ಎಂದಳು.

ಇನ್ನು ನಮ್ಮಪ್ಪ. ಅವನು ದೊಡ್ಡ ಯಜಮಾನರ ಕಚೇರಿಯ ಸೆಕ್ಯುರಿಟಿ. ದೊಡ್ಡ ಯಜಮಾನರು ಎಂದರೆ ಊರಿನ ಅರ್ಧ ಕಾರ್ಖಾನೆಗಳ ಒಡೆಯರು. ಅವರ ಆಸ್ತಿಯ ಮೊತ್ತ ಬರೆಯುವಾಗ ಪತ್ರಿಕೆಯವರೇ ಸೊನ್ನೆಗಳ ಲೆಕ್ಕ ತಪ್ಪುತ್ತಿದ್ದರು. ಒಂದು ದಿನ ಅವರು ಮೆಟ್ಟಿಲು ಹತ್ತುತ್ತಾ ಅಪ್ಪನಿಗೆ "ಚೆನ್ನಾಗಿದ್ದೀಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗಿದ್ದರು. ಅಪ್ಪ ಆ ಉತ್ತರವನ್ನು ಅಂದಿನಿಂದ ನಮಗೆಲ್ಲ ಕೊಡುತ್ತಲೇ ಇದ್ದಾನೆ.

ಅತ್ತೆ ನಮ್ಮಲ್ಲಿಗೆ ಊಟಕ್ಕೆ ಬಂದಾಗ ಟೀವಿಯಲ್ಲಿ ಕುಬೇರರಿಗೆ ಹೆಚ್ಚು ತೆರಿಗೆ ಹಾಕಬೇಕೇ ಎಂಬ ಚರ್ಚೆ ಬಂತೆಂದರೆ ನಮ್ಮ ಮನೆಯಲ್ಲಿ ಊಟ ತಣ್ಣಗಾಗುತ್ತಿತ್ತು.

"ಉಪ್ಪು ತಿಂದ ಮನೆಗೆ ಎರಡು ಬಗೀಬಾರದು ಅಕ್ಕಾ. ತೆರಿಗೆ ಜಾಸ್ತಿ ಮಾಡಿದ್ರೆ ಅವರು ದೇಶ ಬಿಟ್ಟು ಓಡಿಹೋಗ್ತಾರೆ, ಗೊತ್ತಾ?" ಎನ್ನುತ್ತಿದ್ದ ಅಪ್ಪ.

"ನೀನು ಕಟ್ತೀಯಲ್ಲ, ನೀನು ಓಡಿದ್ಯಾ?"

"ನಾನೆಲ್ಲಿಗೆ ಓಡ್ಲಿ?"

"ಅದಕ್ಕೇ ನಿನ್ನ ಹತ್ರ ವಸೂಲಿ ಮಾಡ್ತಾರೆ" ಎಂದು ಅತ್ತೆ ಅವನ ತಟ್ಟೆಗೆ ಇನ್ನೊಂದಿಷ್ಟು ಅನ್ನ ಬಡಿಸುತ್ತಿದ್ದಳು. ಅಪ್ಪ ಉಣ್ಣುತ್ತಿದ್ದ, ಆದರೆ ಒಪ್ಪುತ್ತಿರಲಿಲ್ಲ. ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ಅವನದು.

ಓಡಿಹೋಗುತ್ತಾರೆಂಬ ಭಯ ನಗರಸಭೆಗೂ ಇತ್ತು. ಅದು ಯಜಮಾನರ ಕಾರ್ಖಾನೆಗಳಿಗೆಲ್ಲ ತೆರಿಗೆ ಮನ್ನಾ ಮಾಡಿತು. ಬೊಕ್ಕಸ ಬರಿದಾಯಿತು. ಮೊದಲು ಬೀದಿದೀಪ ಆರಿತು, ಆಮೇಲೆ ಗ್ರಂಥಾಲಯಕ್ಕೆ ಬೀಗ ಬಿತ್ತು, ಕೊನೆಗೆ ನಗರಸಭೆಯ ಅಧಿಕಾರಿ ಬಂದು ಅತ್ತೆಗೆ ಸಂಬಳ ನಿಲ್ಲಿಸಿದ್ದೇವೆ ಎಂದ. "ಡಬ್ಬಿಗೆ ಬಿದ್ದಿದ್ದೇ ನಿಮ್ಮ ಸಂಬಳ. ಪಿನಾಯಿಲ್ಲು, ಪೊರಕೆ ಎಲ್ಲಾ ಅದರಲ್ಲೇ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಆವತ್ತಿನಿಂದ ಅತ್ತೆಯ ಮನೆಬಾಡಿಗೆ, ಮಾತ್ರೆ, ಊಟ ಎಲ್ಲ ಆ ಡಬ್ಬಿಯ ಸದ್ದಿನ ಮೇಲೆ ನಿಂತಿತು. ಅವಳು ಹೆದರಿದ್ದಳು. ಹೆದರಿದಾಗ ಅವಳ ನಾಲಿಗೆ ಇನ್ನಷ್ಟು ಚುರುಕಾಗುತ್ತಿತ್ತು, ಅದರಿಂದಲೇ ನಮಗೆ ಗೊತ್ತಾಗುತ್ತಿದ್ದದ್ದು.

ಅಷ್ಟರಲ್ಲಿ ದೊಡ್ಡ ಯಜಮಾನರ ಮನಸ್ಸು ಕರಗಿತು. ಊರಿಗೆ ಅವರು ಒಂದು ಉಡುಗೊರೆ ಕೊಟ್ಟರು. ಇದೇ ಶೌಚಾಲಯವನ್ನು ಒಡೆದು ಹೊಸದಾಗಿ ಕಟ್ಟಿಸಿಕೊಟ್ಟರು. ಅಮೃತಶಿಲೆಯ ನೆಲ, ಬಂಗಾರದ ಬಣ್ಣದ ನಲ್ಲಿ, ಆಳೆತ್ತರದ ಕನ್ನಡಿ. ಹೊರಗೆ ಅವರ ಹೆಸರು ಎಷ್ಟು ದೊಡ್ಡದಾಗಿತ್ತೆಂದರೆ ಹೊಸಬರು ಇದು ಬ್ಯಾಂಕೆಂದು ತಿಳಿದು, ಹೊಟ್ಟೆ ಹಿಡಿದುಕೊಂಡು ಮುಂದಕ್ಕೆ ಹೋಗುತ್ತಿದ್ದರು. ನೀರಿನ ಬಿಲ್ಲು ಮಾತ್ರ ಉಡುಗೊರೆಯಲ್ಲಿ ಸೇರಿರಲಿಲ್ಲ. ಅದೂ ಡಬ್ಬಿಯ ಮೇಲೇ ಬಿತ್ತು.

"ನೋಡ್ದ್ಯಾ? ಕೇಳದೇನೇ ಕೊಟ್ರು" ಎಂದು ಅಪ್ಪ ಎದೆಯುಬ್ಬಿಸಿದ.

"ನಾವು ಕೇಳಿದ್ದು ಬೇರೆ ಕಣೋ. ಅದನ್ನ ಕೊಡಲಿಲ್ಲ" ಎಂದಳು ಅತ್ತೆ.

ಉದ್ಘಾಟನೆಯ ದಿನ ಬಂತು. ಅಪ್ಪನನ್ನು ಬೆಳಗಿನಿಂದಲೇ ಅಲ್ಲಿ ಕಾವಲಿಗೆ ನಿಲ್ಲಿಸಿದ್ದರು. ಯಜಮಾನರು ಹೋಗುವವರೆಗೆ ಜಾಗ ಬಿಟ್ಟು ಅಲುಗಾಡಬಾರದೆಂದು ಆಜ್ಞೆ. ಪುಕ್ಕಟೆ ಸಿಕ್ಕಿತೆಂದು ಅವನು ಎರಡು ಲೋಟ ಹಣ್ಣಿನ ರಸ ಕುಡಿದಿದ್ದ, ಮೂರನೆಯದಕ್ಕೂ ಇಲ್ಲವೆಂದಿರಲಿಲ್ಲ. ಯಜಮಾನರ ಭಾಷಣ ಅರ್ಧಕ್ಕೆ ಬರುವ ಹೊತ್ತಿಗೆ ಅಪ್ಪ ಭಾರವನ್ನು ಒಂದು ಕಾಲಿಂದ ಇನ್ನೊಂದು ಕಾಲಿಗೆ ಬದಲಾಯಿಸತೊಡಗಿದ್ದ. ಜೇಬಿನಲ್ಲಿ ಒಂದೇ ಒಂದು ನಾಣ್ಯ ಇಟ್ಟುಕೊಂಡಿದ್ದ, ಅಕ್ಕನ ಕಾನೂನು ಗೊತ್ತಿತ್ತಲ್ಲ. ಗಳಿಗೆಗೊಮ್ಮೆ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ.

ಯಜಮಾನರು ಸಮಾಜದ ಋಣದ ಬಗ್ಗೆ ಬಹಳ ಹೊತ್ತು ಮಾತಾಡಿ, ರಿಬ್ಬನ್ ಕತ್ತರಿಸಿ, ಸಹಾಯಕನ ಕಿವಿಯಲ್ಲಿ ಏನೋ ಹೇಳಿದರು. ಅವರೂ ಮನುಷ್ಯರೇ, ಹಣ್ಣಿನ ರಸ ಅವರೂ ಕುಡಿದಿದ್ದರು. ಸಹಾಯಕ ಅತ್ತೆಯ ಮೇಜಿನ ಬಳಿ ಓಡಿಬಂದ.

"ಬಾಗಿಲು ತೆಗೀರಮ್ಮಾ, ಯಜಮಾನರು ಒಳಗೆ ಹೋಗ್ಬೇಕು."

"ಹೋಗ್ಲಿ ಪಾಪ. ನಾಣ್ಯ ಹಾಕಿ."

"ಇದನ್ನ ಕಟ್ಟಿಸಿದ್ದೇ ಅವರು!"

"ಕಟ್ಟಿಸಿದ್ದಕ್ಕೆ ಹೆಸರು ಹಾಕಿದೀವಲ್ಲ, ಅಷ್ಟು ದೊಡ್ಡದಾಗಿ. ಇದು ಹೋಗೋದಕ್ಕೆ."

ಸಹಾಯಕ ದುಡ್ಡು ಕಳಿಸುತ್ತೇನೆಂದು ಫೋನು ತೋರಿಸಿದ. ಅತ್ತೆ ಡಬ್ಬಿ ತೋರಿಸಿದಳು. ಅವನು ಜೇಬು ತಡಕಿದ, ಬರೀ ಕಾರ್ಡುಗಳಿದ್ದವು. ನಗರಸಭೆ ಅಧ್ಯಕ್ಷರ ಜೇಬಲ್ಲೂ ಕಾರ್ಡು. ಸುತ್ತ ನಿಂತ ಜನರ ಜೇಬಿನಲ್ಲಿ ನಾಣ್ಯವಿತ್ತು, ಆದರೆ ಯಾರ ಕೈಯೂ ಜೇಬಿಗೆ ಹೋಗಲಿಲ್ಲ. ಇಂಥ ತಮಾಷೆ ಪುಕ್ಕಟೆ ಸಿಗುವಾಗ ಹಾಳು ಮಾಡುವವರು ಯಾರು?

"ಇಲ್ಲದವರಿಗೆ ನೀವೇ ಹಾಕ್ತೀರಂತಲ್ಲ. ಇವರಿಗೂ ಹಾಕ್ಬಿಡಿ" ಎಂದು ಸಹಾಯಕ ಗೋಗರೆದ.

ಅತ್ತೆ ಮೊದಲ ಸಲ ಹೆಣಿಗೆ ಕೆಳಗಿಟ್ಟಳು. "ಹಾಕ್ತೀನಿ. ನನ್ನ ಹತ್ರ ಇಲ್ಲ ಅಂತ ಇವರು ಎಲ್ಲರ ಮುಂದೆ ಹೇಳ್ಲಿ, ಈಗಲೇ ಹಾಕ್ತೀನಿ."

ಸಹಾಯಕ ಯಜಮಾನರ ಕಡೆ ನೋಡಿದ. ಯಜಮಾನರು ಆಕಾಶ ನೋಡಿದರು. ನಗರಸಭೆಯ ಅಧಿಕಾರಿ ಮುಂದೆ ಬಂದು, "ನಾಳೆಯಿಂದ ನೀನು ಕೆಲಸಕ್ಕೆ ಬರೋದು ಬೇಡ" ಎಂದು ಹಲ್ಲು ಕಡಿದ. ಅತ್ತೆಗೆ ಬೇರೆ ಆಸರೆ ಇರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಆದರೂ ಅವಳ ಕಾಲು ಕೊಕ್ಕೆ ಒತ್ತಲಿಲ್ಲ.

ಆಗ ಅಪ್ಪ ಜಾಗ ಬಿಟ್ಟು ಬಂದ. ಅಕ್ಕನ ಕೆಲಸ ಉಳಿಸಲೋ, ಯಜಮಾನರ ಮಾನ ಉಳಿಸಲೋ, ಎರಡಕ್ಕೂ ಇರಬೇಕು. ಜೇಬಿನಿಂದ ಆ ಒಂದು ನಾಣ್ಯ ತೆಗೆದು ಡಬ್ಬಿಗೆ ಹಾಕಿದ. "ಯಜಮಾನರ ಬಾಬ್ತು" ಎಂದ. ಬಾಗಿಲು ತೆರೆಯಿತು. ಯಜಮಾನರು ಅವನ ಮುಖವನ್ನೂ ನೋಡದೆ ಒಳಗೆ ನುಗ್ಗಿದರು.

ಅಪ್ಪ ಅವರ ಹಿಂದೆಯೇ ಕಾಲಿಟ್ಟ. ಬಾಗಿಲು ಅವನ ಮೂಗಿನ ಮುಂದೆ ಮುಚ್ಚಿತು.

"ಅಕ್ಕಾ, ನಂಗೂ ಅರ್ಜೆಂಟು."

"ನಾಣ್ಯ?"

"ಈಗ ಹಾಕಿದ್ನಲ್ಲ!"

"ಅದು ಅವರ ಬಾಬ್ತು ಅಂದೆ. ನಿಂದೆಲ್ಲಿ?"

ಅಪ್ಪ ಕಾಲಿಗೆ ಕಾಲು ಹೆಣೆದು ನಿಂತ. "ಬರ್ಲಿ, ಈಗ ಹೊರಗೆ ಬರ್ತಾರಲ್ಲ. ಕೊಡ್ತಾರೆ. ದೊಡ್ಡ ಮನುಷ್ಯರು, ಮರೆಯಲ್ಲ" ಎಂದ. ಅವನ ಹಣೆಯಲ್ಲಿ ಬೆವರು ಹನಿಯುತ್ತಿತ್ತು. ಜನ ನಗುತ್ತಿದ್ದರು. ನಾನು ನಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಯಜಮಾನರು ನಿಧಾನವಾಗಿ ಹೊರಬಂದರು. ಮುಖದಲ್ಲಿ ಶಾಂತಿ ಇತ್ತು. ಅಪ್ಪ ಹೆಣೆದ ಕಾಲಲ್ಲೇ ಸಲ್ಯೂಟ್ ಹೊಡೆದ. ಅವರು ನಿಂತರು. ಅಪ್ಪನ ಕಣ್ಣು ಅರಳಿತು.

"ಚೆನ್ನಾಗಿದ್ದೀಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವರು ಕಾರು ಹತ್ತಿದರು.

ಕಾರು ತಿರುವು ದಾಟುವವರೆಗೂ ಅಪ್ಪ ನೋಡುತ್ತಲೇ ಇದ್ದ. ಆಮೇಲೆ ಅಕ್ಕನ ಕಡೆ ತಿರುಗಿದ. ಅವನ ಮುಖದಲ್ಲಿ ನಾನು ಹಿಂದೆಂದೂ ಕಾಣದ ಏನೋ ಇತ್ತು, ಬರೀ ಮೂತ್ರದ ಅವಸರವಾಗಿರಲಿಲ್ಲ ಅದು. ಅತ್ತೆ ಸೊಂಟದ ಚೀಲ ಬಿಚ್ಚಿ ತನ್ನದೊಂದು ನಾಣ್ಯ ತೆಗೆದು ಡಬ್ಬಿಗೆ ಹಾಕಿದಳು.

"ಹೋಗಪ್ಪಾ" ಎಂದಳು.

ಅತ್ತೆಯನ್ನು ಕೆಲಸದಿಂದ ತೆಗೆಯಲಿಲ್ಲ. ಸಂಬಳವೇ ಇಲ್ಲದ ಜಾಗಕ್ಕೆ ಬೇರೆ ಯಾರೂ ಅರ್ಜಿ ಹಾಕದಿದ್ದರೆ ಅಧಿಕಾರಿ ತಾನೇ ಬಂದು ಕೂರುತ್ತಾನೆಯೇ? ಅವಳು ಈಗಲೂ ಅಲ್ಲೇ ಇದ್ದಾಳೆ. ಆ ಸ್ವೆಟರು ಇನ್ನೂ ಮುಗಿದಿಲ್ಲ.

ಉದ್ಘಾಟನೆಯ ಆ ಸಂಜೆ ಊಟಕ್ಕೆ ಕೂತಾಗ ಟೀವಿಯಲ್ಲಿ ಮತ್ತೆ ಅದೇ ಚರ್ಚೆ ಬಂತು. ಕೋಟು ತೊಟ್ಟ ಪಂಡಿತರೊಬ್ಬರು, ತೆರಿಗೆ ಹೆಚ್ಚಿಸಿದರೆ ಕುಬೇರರು ದೇಶ ಬಿಟ್ಟು ಓಡುತ್ತಾರೆ ಎಂದರು. ಅಮ್ಮ ಅಭ್ಯಾಸಬಲದಿಂದ ಅಪ್ಪನ ಅನ್ನಕ್ಕೆ ತಟ್ಟೆ ಮುಚ್ಚಿದಳು.

ಅಪ್ಪ ತಟ್ಟೆ ತೆಗೆದು ಪಕ್ಕಕ್ಕಿಟ್ಟ. "ಓಡ್ಲಿ. ಎಷ್ಟು ದೂರ ಓಡ್ತಾರೆ? ದಾರೀಲಿ ಎಲ್ಲಾದ್ರೂ ಒಂದು ಕಡೆ ಅವರೂ ನಿಲ್ಲಲೇಬೇಕು" ಎಂದ.

ನಾವೆಲ್ಲ ಅತ್ತೆಯ ಮುಖ ನೋಡಿದೆವು. ಇಷ್ಟು ವರ್ಷ ಕಾದ ಮಾತು, ಅವಳು ಕುಣಿಯಬೇಕಿತ್ತು. ಅವಳು ತಮ್ಮನ ತಟ್ಟೆಗೆ ಇನ್ನೊಂದಿಷ್ಟು ಅನ್ನ ಬಡಿಸಿ ಕೈ ಚಾಚಿದಳು.

"ಅದಿರ್ಲಿ, ನನ್ನ ನಾಣ್ಯ ಎಲ್ಲಿ?"